ಅವ್ವನ ಮಾತು ತಿಳಿಯದ ವಾರ್ಡು

ಅವ್ವನ ಬಾಯಿ ಸೊಟ್ಟಗಾಗಿದ್ದನ್ನು ಮೊದಲು ನೋಡಿದವನು ಅಣ್ಣ. ಹನುಮಂತನಪಟ್ಟಿಯ ಮನೆಯಲ್ಲಿ ಕಾಫಿ ಕುಡಿಯುವಾಗ ಅವಳ ಕೈಯಿಂದ ಲೋಟ ಜಾರಿತು. ಬಲಗೈ ಮತ್ತೆ ಏಳಲಿಲ್ಲ. ಅಣ್ಣ ತಕ್ಷಣ ನನಗೆ ಫೋನ್ ಮಾಡಿದ.

ನಾನು ತಮಿಳುನಾಡಿನ ತೇನಿಯ ಒಂದು ಆಸ್ಪತ್ರೆಯಲ್ಲಿ ನರ್ಸಿಂಗ್ ಮುಖ್ಯಸ್ಥೆ. ಅಲ್ಲಿ ಸ್ಟ್ರೋಕ್ ಟೀಮ್ ಕಟ್ಟಿದವಳು ನಾನೇ. ಆಂಬುಲೆನ್ಸ್ ದಾರಿಯಲ್ಲಿರುವಾಗಲೇ ಎಲ್ಲರ ಮೊಬೈಲಿಗೆ ಸುದ್ದಿ ಹೋಗುತ್ತದೆ; ರೋಗಿ ಬಂದಿಳಿಯುವಷ್ಟರಲ್ಲಿ ಡಾಕ್ಟರ್, ನರ್ಸ್, ಸ್ಕ್ಯಾನ್ ಮಾಡುವವರು ಸಿದ್ಧರಾಗಿರುತ್ತಾರೆ. ಅವ್ವನಿಗೂ ಹಾಗೇ ಆಯಿತು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ವೇಳೆಗೆ ಸರಿಯಾಗಿ ಸಿಕ್ಕಿತು. ಜೀವ ಉಳಿಯಿತು.

ಮರುದಿನ ಅವ್ವ ನಿದ್ದೆಯಲ್ಲಿದ್ದಳು. ನಾನು ದಿಂಡಿಗಲ್ಲಿಗೆ ಹೋದೆ. ನಮ್ಮ ಟೀಮ್ ಹೇಗೆ ಕೆಲಸ ಮಾಡುತ್ತದೆಂದು ಬೇರೆ ಆಸ್ಪತ್ರೆಗಳವರಿಗೆ ವಿವರಿಸಬೇಕಿತ್ತು. ಇನ್ನೊಬ್ಬರನ್ನು ಕಳಿಸಬಹುದಿತ್ತು. ಕಳಿಸಲಿಲ್ಲ. ಐಸಿಯು ಒಳಗೆ ಮನೆಯವರನ್ನು ಬಿಡುವಂತಿಲ್ಲ. ಅಣ್ಣ ಹೊರಗೆ ಬೆಂಚಿನ ಮೇಲೆ ಕೂತಿದ್ದ.

ಟೀ ಹೊತ್ತಿಗೆ ಐಸಿಯು ನರ್ಸ್ ಸೆಲ್ವಿಯ ಫೋನ್ ಬಂತು. ಅಮ್ಮ ತುಂಬಾ ಒದ್ದಾಡುತ್ತಿದ್ದಾರೆ, ಡ್ರಿಪ್ ಕೀಳುತ್ತಿದ್ದಾರೆ, ಆಡುವ ಮಾತಿಗೆ ಅರ್ಥವೇ ಇಲ್ಲ ಎಂದಳು. ಸ್ಟ್ರೋಕ್ ಆದವರಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಏನು ಮಾತು ಎಂದು ಕೇಳಲಿಲ್ಲ. ಫೋನನ್ನು ಅವ್ವನ ಕಿವಿಗೆ ಹಿಡಿ ಎನ್ನಲಿಲ್ಲ.

"ಡಾಕ್ಟರಿಗೆ ಹೇಳಿ ಕೈ ಕಟ್ಟಿಬಿಡಿ," ಅಂದೆ.

ಸಂಜೆ ಬಂದಾಗ ಅವ್ವನ ಎಡಗೈಯನ್ನು ಮಂಚದ ಕಂಬಿಗೆ ಬಟ್ಟೆಯಿಂದ ಕಟ್ಟಿದ್ದರು. ನನ್ನನ್ನು ನೋಡಿ ನಮ್ಮ ಮನೆಯ ಕನ್ನಡದಲ್ಲಿ ತೊದಲಿದಳು.

"ಹೊಟ್ಟೆ ಬಿಗೀತದೆ, ನನ್ ಕಣ್ಣು. ಆಗಿಂದ ಹೇಳ್ತಾವ್ನಿ."

ಆಗಿಂದ ಹೇಳುತ್ತಿದ್ದಳು.

ಮೂತ್ರ ಕಟ್ಟಿಕೊಂಡು ಕೆಳಹೊಟ್ಟೆ ಕಲ್ಲಾಗಿತ್ತು. ಡೈಪರ್ ಸ್ವಲ್ಪ ಸ್ವಲ್ಪ ಒದ್ದೆಯಾಗುತ್ತಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಸೆಲ್ವಿ ಟ್ಯೂಬ್ ಹಾಕಿದಳು. ಅವ್ವನ ಮುಖದ ಬಿಗಿ ಇಳಿಯಿತು. ಸೆಲ್ವಿ ಅಳತೊಡಗಿದಳು. ತಪ್ಪು ನಿನ್ನದಲ್ಲ ಎಂದೆ. ನಿಜವನ್ನೇ ಹೇಳಿದ್ದೆ.

ಸ್ಟ್ರೋಕ್ ಅವ್ವನ ತಮಿಳನ್ನು ಕಿತ್ತುಕೊಂಡಿತ್ತು. ದ್ರಾಕ್ಷಿ ವ್ಯಾಪಾರಿಗಳ ಜೊತೆ ಜೀವಮಾನವಿಡೀ ತಮಿಳಿನಲ್ಲಿ ಚೌಕಾಸಿ ಮಾಡಿದವಳಿಗೆ ಮನೆಮಾತಷ್ಟೇ ಉಳಿದಿತ್ತು. ಆ ಮಾತನ್ನು ನಾನು ಆಸ್ಪತ್ರೆಯಲ್ಲಿ ಎಂದೂ ಆಡಿದವಳಲ್ಲ. ನಮ್ಮ ಮನೆಯಲ್ಲಿ ಬೇರೆ ಮಾತಿದೆ ಎಂಬುದೇ ಟೀಮಿನವರಿಗೆ ಗೊತ್ತಿರಲಿಲ್ಲ.

ಈಗ ರೋಗಿಯನ್ನು ಸೇರಿಸಿಕೊಳ್ಳುವಾಗಲೇ ಮನೆಮಾತು ಯಾವುದೆಂದು ಕೇಳುತ್ತೇವೆ. ಬೆಳಗಿನ ರೌಂಡ್ಸ್ ವೇಳೆ ಮನೆಯವರೊಬ್ಬರು ಮಂಚದ ಪಕ್ಕ ನಿಲ್ಲುತ್ತಾರೆ. ಟೀಮಿನಲ್ಲಿ ಅವರೂ ಒಬ್ಬರು. ಇದನ್ನು ತೀರ್ಮಾನಿಸಿದ ಮೀಟಿಂಗಿನಲ್ಲಿ, ಅಂದು ಫೋನಿನಲ್ಲಿ ನಾನು ಹೇಳಿದ್ದನ್ನು ಎಲ್ಲರ ಮುಂದೆ ಹೇಳಿದೆ. ಹಿರಿಯ ಡಾಕ್ಟರ್ ಮೆಲ್ಲಗೆ, "ಕಟ್ಟಿದ್ದು ನಾವೆಲ್ಲ ಸೇರಿ, ಸಿಸ್ಟರ್," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ನರ್ಸಿನ ತಪ್ಪನ್ನು ಟೀಮಿನ ಜೊತೆ ಹಂಚಿಕೊಳ್ಳಬಹುದು. ಮಗಳ ತಪ್ಪನ್ನು ಯಾರಿಗೆ ಹಂಚಲಿ?

ಅವ್ವ ಮನೆಗೆ ಬಂದಿದ್ದಾಳೆ. ಗೋಡೆ ಹಿಡಿದು ನಡೆಯುತ್ತಾಳೆ. ತಮಿಳು ಒಂದೊಂದೇ ಪದವಾಗಿ ಮರಳುತ್ತಿದೆ. ಕಳೆದ ವಾರ ಧೈರ್ಯ ಮಾಡಿ, ಕೈ ಕಟ್ಟಲು ಹೇಳಿದವಳು ನಾನೇ ಅವ್ವ, ಅಂದೆ.

"ನೀನಾ?"

ಎಡಗೈ ಚಾಚಿ ಕಿಟಕಿಯ ಮೇಲಿದ್ದ ಬಾಚಣಿಗೆ ತೆಗೆದುಕೊಂಡಳು. ಅದನ್ನು ನನ್ನ ಮಡಿಲಿಗೆ ಹಾಕಿ ಬೆನ್ನು ತಿರುಗಿಸಿ ಕೂತಳು. ಕ್ಷಮಿಸಿದಳೋ ಇಲ್ಲವೋ, ನಾನು ಕೇಳಲಿಲ್ಲ. ಅವಳ ಕೂದಲಿನ ಸಿಕ್ಕನ್ನು ನೋಯದಂತೆ ಬಿಡಿಸತೊಡಗಿದೆ.