ಅಲೆಗೆರೆ ಹೆಸರಿನ ಫೋಲ್ಡರ್

ಹೊಸೂರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿ ಆಗಿನ್ನೂ ಎರಡನೇ ವರ್ಷ. ಕ್ವಾಲಿಟಿ ವಿಭಾಗಕ್ಕೆ ಕೆಲಮಂಗಲದಿಂದ ಬಸ್ಸಿನಲ್ಲಿ ಬರುವ ಒಬ್ಬರಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ವರ್ಷಗಟ್ಟಲೆ ನಿಂತು ಭಾಗಗಳನ್ನು ಅಳೆದು ಮೊಣಕಾಲು ಸೋತಿದ್ದರಿಂದ ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿದ್ದರು. ಕಮಾಂಡ್ ಹೊಡೆಯಲು ಕಲಿಸಿದವನು ನಾನೇ.

ದಿನಾ ಬೆಳಿಗ್ಗೆ ಅಕ್ಕ ನಾನು ಬರೆದ ಸ್ಕ್ರಿಪ್ಟ್, ಅಂದರೆ ಸಾಲಾಗಿ ಜೋಡಿಸಿಟ್ಟ ಕಮಾಂಡುಗಳನ್ನು ಓಡಿಸುತ್ತಿದ್ದರು. ಅದು ಹಿಂದಿನ ದಿನದ ಅಳತೆಗಳ ರಿಪೋರ್ಟ್ ಮಾಡಿ, ಅವರ ಸ್ವಂತ ಕಡತಗಳೆಲ್ಲ ಇರುವ ಹೋಮ್ ಫೋಲ್ಡರಿನಲ್ಲಿ ಇಡುತ್ತಿತ್ತು. ಹೆಸರಿನ ನಡುವೆ ಜಾಗ ಬಿಟ್ಟ ಫೋಲ್ಡರ್ ಸಿಕ್ಕಾಗಲೆಲ್ಲ ಸ್ಕ್ರಿಪ್ಟ್ ಎಡವುತ್ತಿತ್ತು. ಒಂದು ದಿನ ಬೇಸರ ಬಂದು, ಫೋಲ್ಡರಿನ ದಾರಿ ಬರೆದ ಕಡೆಯೆಲ್ಲ ಸುತ್ತ ಕೋಟ್ ಗುರುತು ಹಾಕಿಬಿಟ್ಟೆ. ~ ಎಂಬ ಅಲೆಗೆರೆಯನ್ನು ಹಾಗೇ ಬರೆದರೆ, ಕಮಾಂಡುಗಳನ್ನು ಓದಿ ನಡೆಸುವ ಶೆಲ್ ಅದನ್ನು ನಮ್ಮ ಹೋಮ್ ಫೋಲ್ಡರ್ ಎಂದು ತಿಳಿಯುತ್ತದೆ. ಕೋಟ್ ಒಳಗೆ ಬರೆದರೆ ಅದು ಬರೀ ಒಂದು ಅಕ್ಷರ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಓಡಿಸಿ ನೋಡದೆ ಊಟಕ್ಕೆ ಎದ್ದೆ.

ವಾರ ಕಳೆದು, ಒಂದು ಬೆಳಿಗ್ಗೆ ಜೂಜುವಾಡಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಿದ್ದಾಗ ಅಕ್ಕನ ಫೋನ್ ಬಂತು.

"ತಮ್ಮಾ, ವಾರದಿಂದ ರಿಪೋರ್ಟು ಒಂದೂ ಬಂದಿಲ್ಲ ಕಣಪ್ಪ. ಇಲ್ಲಿ ಎಲ್ಲಾರ್ದೂ ಇರೋ ಡಿಸ್ಕ್‌ನಾಗೆ ಅಲೆ ಗುರುತಿಂದು ಯಾವ್ದೋ ಫೋಲ್ಡರ್ ಕೂತೈತೆ."

ಹಾರ್ನ್ ಸದ್ದಿನಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ. "ಏನೋ ಕಸ ಇರ್ಬೇಕು ಅಕ್ಕ, ಅಳಿಸ್ಬಿಡಿ. ನಾನು ಬರ್ತಾ ಇದೀನಿ," ಎಂದೆ.

ನಾನು ತಲುಪಿದಾಗ ಅವರು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಪರದೆಯ ಮೇಲೆ rm -r ~ ಎಂದಿತ್ತು. ಅಳಿಸು ಎನ್ನುವ ಕಮಾಂಡ್, ಮುಂದೆ ಕೋಟ್ ಇಲ್ಲದ ಅಲೆಗೆರೆ. ಶೆಲ್ ಅವರ ಹೋಮ್ ಫೋಲ್ಡರನ್ನೇ ಒರೆಸಿಹಾಕಿತ್ತು.

"ನೀನ್ ಹೇಳ್ಕೊಟ್ಟಂಗೇ ಹೊಡ್ದೆ. ನಂದೆಲ್ಲಾ ಹೋಗ್ಬುಡ್ತು," ಎಂದರು.

ಹೋದದ್ದು ಅವರ ಟಿಪ್ಪಣಿಗಳು. ಯಾವ ಭಾಗವನ್ನು ಎಲ್ಲಿ ಹಿಡಿದು ಅಳೆಯಬೇಕು, ಅಳೆಯುವ ಯಾವ ಗೇಜ್ ಸ್ವಲ್ಪ ಜಾಸ್ತಿ ತೋರಿಸುತ್ತದೆ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ತಮಿಳು ಕಲಸಿ ಬರೆದಿಟ್ಟಿದ್ದರು. ಹೊಸಬರಿಗೆಲ್ಲ ಅದೇ ಪಾಠ. ಬ್ಯಾಕಪ್ ಪಟ್ಟಿಯಲ್ಲಿ ಹೋಮ್ ಫೋಲ್ಡರುಗಳೇ ಇರಲಿಲ್ಲ.

ಅಲೆಗೆರೆ ಹೆಸರಿನ ಫೋಲ್ಡರ್ ಮಾತ್ರ ಅಲ್ಲೇ ಇತ್ತು. ತೆರೆದರೆ ಒಂದು ವಾರದ ರಿಪೋರ್ಟುಗಳೆಲ್ಲ ಅದರೊಳಗೆ. ಕೋಟ್ ಒಳಗಿನ ಅಲೆಗೆರೆಯನ್ನು ಬರೀ ಹೆಸರೆಂದುಕೊಂಡು ನನ್ನ ಸ್ಕ್ರಿಪ್ಟೇ ಆ ಫೋಲ್ಡರ್ ಮಾಡಿಕೊಂಡಿತ್ತು.

"ಹಂಗಾದ್ರೆ ಕಸ ಅಂದಿದ್ದು ಉಳ್ಕಂತು," ಎಂದು ಅಕ್ಕ ಕಣ್ಣೊರೆಸಿಕೊಂಡರು.

ಮ್ಯಾನೇಜರ್ ಬಂದು, ಯಾರು ಮಾಡಿದ್ದು ಎಂದು ತಮಿಳಿನಲ್ಲಿ ಕೇಳಿದರು. ಅಕ್ಕ "ನಾನೇ ಸಾರ್" ಎಂದು ಏಳಲು ಹೊರಟರು. ನಾನು ಅಡ್ಡ ಬಂದು, ಸ್ಕ್ರಿಪ್ಟಿನ ತಪ್ಪೂ ನನ್ನದು, ಅಳಿಸಲು ಹೇಳಿದವನೂ ನಾನು ಎಂದೆ. ಮ್ಯಾನೇಜರ್ ನನ್ನನ್ನು ಎಲ್ಲರ ಮುಂದೆ ಚೆನ್ನಾಗಿಯೇ ಬೈದರು. ಅಕ್ಕನಿಗೆ ಮಾತ್ರ, ಟೀ ಕುಡಿದು ಬಾಮ್ಮಾ ಎಂದರು.

ಸ್ಕ್ರಿಪ್ಟ್ ಸರಿಮಾಡಿ, ರಿಪೋರ್ಟುಗಳನ್ನು ಬೇರೆಡೆಗೆ ಸಾಗಿಸಿದೆ. ಖಾಲಿಯಾದ ಆ ಫೋಲ್ಡರನ್ನು ನಾನೇ ತೆಗೆಯಲು ಹೋದರೆ ಅಕ್ಕ ಬಿಡಲಿಲ್ಲ.

"ಹೆಂಗೆ ಅಂತ ನಂಗೂ ತೋರ್ಸು."

ಅಲೆಗೆರೆಯ ಮುಂಚೆ ಒಂದು ಚುಕ್ಕಿ, ಒಂದು ಓರೆಗೆರೆ ಹಾಕಿದರೆ, ಇಲ್ಲೇ ಇರುವ ಈ ಹೆಸರಿನದು ಎಂದಾಗುತ್ತದೆ ಎಂದೆ. ಅವರು ಮೊದಲು ಅದೇ ಹೆಸರು ಕೊಟ್ಟು ಒಳಗೆ ಏನಿದೆ ಎಂದು ಪಟ್ಟಿ ಹಾಕಿಸಿದರು. ಏನೂ ಇರಲಿಲ್ಲ. ಇನ್ನೊಮ್ಮೆ ಹಾಕಿಸಿದರು. ಆಮೇಲೆ ಅಳಿಸುವ ಕಮಾಂಡ್ ಬರೆದು, ಎಂಟರ್ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತು, ಒತ್ತಿದರು.

ಟಿಪ್ಪಣಿಗಳನ್ನು ಮತ್ತೆ ಬರೆಯಲು ಮೂರು ವಾರ ಹಿಡಿಯಿತು. ಊಟದ ಬಿಡುವಿನಲ್ಲಿ ಅವರು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಬಹುಪಾಲು ಅವರಿಗೆ ಬಾಯಲ್ಲೇ ಇತ್ತು. ಬುಷ್ ಎನ್ನುವ ಬಳೆಯಂಥ ಒಂದು ಭಾಗದ ವಿಷಯ ಮಾತ್ರ ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಕೊನೆಗೆ ಮೆಟ್ಟಿಲಿಳಿದು ಹೋಗಿ, ಬುಷ್ ಹಿಡಿದು ನಾಲ್ಕಾರು ಸಲ ಅಳೆದು ಬಂದರು.

"ಬರ್ಕೋ," ಎಂದು ಕುರ್ಚಿಗೆ ಒರಗಿದರು.