ಒಣಗೈ ಕೆಲಸ

ರೇಷ್ಮೆಗೂಡಿನ ವ್ಯಾಪಾರ ಉಕ್ಕಿ ಬಂದಿದ್ದ ಕಾಲದಲ್ಲಿ ನಾನು ರಾಮನಗರದ ಒಂದು ಫಿಲೇಚರಿನಲ್ಲಿ, ಅಂದರೆ ರೇಷ್ಮೆನೂಲಿನ ಕಾರ್ಖಾನೆಯಲ್ಲಿ, ನೂಲು ಬಿಚ್ಚುತ್ತಿದ್ದೆ. ಮಾಲೀಕರಿಗೆ ಕ್ರಿಕೆಟ್ ಹುಚ್ಚು. ತಂಡ ಕಟ್ಟಿ, ಪಂದ್ಯದ ದಿನವೂ ಕೂಲಿ ಕೊಡುತ್ತಿದ್ದರು. ಹಾಗೆ ನಾನು ಕೂಲಿ ಪಡೆದು ಆಡಿದ ವಿಕೆಟ್ ಕೀಪರ್. ಸ್ಟಂಪಿನ ಹಿಂದೆ ಕುಕ್ಕರಗಾಲಲ್ಲಿ ಕೂರುವವನ ಹೆಸರು ಯಾರಿಗೂ ನೆನಪಿರುವುದಿಲ್ಲ.

ನಮ್ಮ ಬೌಲರ್ ಮಾಗಡಿಯವನು, ನನ್ನ ಪಕ್ಕದ ಬೇಸಿನ್ನಿನಲ್ಲೇ ಕೆಲಸ. ದಿನವಿಡೀ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಇಬ್ಬರ ಬೆರಳೂ ಬೆಳ್ಳಗೆ ಬೆಂದಿದ್ದವು. ಅವನ ಉಗುರುಸಂದಿಗಳಲ್ಲಿ ಕೀವು ಕಟ್ಟಿತ್ತು. ನೂಲಿನ ಲಡಿ ಕಟ್ಟುವ ಕೋಣೆಯಲ್ಲಿ ಮಾತ್ರ ನೀರು ಮುಟ್ಟಬೇಕಿರಲಿಲ್ಲ. ಅದನ್ನು ಒಣಗೈ ಕೆಲಸ ಎನ್ನುತ್ತಿದ್ದೆವು. ಅಲ್ಲೊಂದು ಜಾಗ ಖಾಲಿಯಾಗಿತ್ತು. ಚನ್ನಪಟ್ಟಣದವರ ಮೇಲಿನ ಪಂದ್ಯದ ಬೆಳಿಗ್ಗೆ ಮಾಲೀಕರು, “ಯಾರು ಗೆಲ್ಲಿಸಿಕೊಡ್ತಾನೋ ಅವನಿಗೆ ಲಡಿ ಕೋಣೆ” ಎಂದುಬಿಟ್ಟರು.

“ನನ್ ಕೈ ನೋಡ್ಲಾ, ಅನ್ನ ಕಲಸಕ್ಕಾಗಾಕಿಲ್ಲ. ಇವತ್ತು ಬುಡಾಕಿಲ್ಲ ಕಣ್ಲಾ” ಎಂದ ಅವನು.

“ನಿನ್ ಬಾಲು ನೋಡುದ್ರೆ ಚನ್ನಪಟ್ಣದೋರಿಗೇ ಕೆಲ್ಸ ಸಿಗ್ತದೆ” ಎಂದು ನಕ್ಕೆ.

ಅವರ ಕೊನೆಯ ಜೋಡಿ ಆಡುತ್ತಿತ್ತು. ಒಂದು ಬೌಂಡರಿ ಹೊಡೆದರೆ ಪಂದ್ಯ ಅವರದು, ಒಂದು ವಿಕೆಟ್ ಬಿದ್ದರೆ ನಮ್ಮದು. ಅವನ ಚೆಂಡು ಬ್ಯಾಟಿನ ಅಂಚು ಸವರಿ ನನ್ನ ಗ್ಲೌಸಿಗೆ ಬಂತು. ಬೇಸಿನ್ನಿನ ಮೇಲೆ ಎಳೆ ಹರಿದಷ್ಟೇ ಸಣ್ಣ ಸದ್ದು. ಆ ಗಲಾಟೆಯಲ್ಲಿ ಕೇಳಿಸಿದ್ದು ನನಗೊಬ್ಬನಿಗೇ. ಅವನು ಕೈ ಅರ್ಧ ಎತ್ತಿ ನನ್ನ ಮುಖ ನೋಡಿದ. ಅಂಪೈರೂ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿ ಚೆಂಡನ್ನು ವಾಪಸು ಎಸೆದೆ.

“ತಾಗ್ಲಿಲ್ವೇನ್ಲಾ?”

“ಇಲ್ಲ ಕಣ್ಲಾ, ಹಾಕು.”

ಮುಂದೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ನನಗೆ ಸಿಗದಿದ್ದರೂ ಸರಿ, ಅವನಿಗೆ ಸಿಗಬಾರದು. ಆ ಗಳಿಗೆಯಲ್ಲಿ ಇದ್ದದ್ದು ಇಷ್ಟೇ.

ಮರುಚೆಂಡಿಗೆ ಬ್ಯಾಟ್ಸ್‌ಮನ್ ಮುನ್ನುಗ್ಗಿ ಬೀಸಿ ತಪ್ಪಿದ. ನಾನು ಸ್ಟಂಪ್ ಹಾರಿಸಿದೆ. ಎಲ್ಲರೂ ನನ್ನನ್ನು ಹೊತ್ತು ಕುಣಿದರು. ಅವನೂ ಆ ಬೆರಳುಗಳಲ್ಲೇ ನನ್ನ ಕಾಲು ಹಿಡಿದು ಹೆಗಲು ಕೊಟ್ಟಿದ್ದ. ಲಡಿ ಕೋಣೆಗೆ ನಾನು ಹೋದೆ. ಫಿಲೇಚರ್ ಮುಚ್ಚುವವರೆಗೂ ಅವನು ಬೇಸಿನ್ನಿನಲ್ಲೇ ಉಳಿದ.

ಹೋದ ವಾರ ಎಲ್ಲವನ್ನೂ ಹೇಳಿಬಿಡಬೇಕೆಂದೇ ಮಾಗಡಿ ಬಸ್ಸು ಹತ್ತಿದೆ. ಈಗ ಅವನ ಬೆರಳುಗಳು ಮಡಚುವುದಿಲ್ಲ. ಟೀ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿಯುತ್ತಾನೆ. ಅಂಗಡಿಯವನಿಗೆ ನನ್ನನ್ನು ತೋರಿಸಿ, “ಇವ್ನಂಥ ಕೀಪರ್ ಇನ್ನೊಬ್ಬ ಹುಟ್ಟಾಕಿಲ್ಲ. ತಾಗಿಲ್ಲ ಅಂದ್ರೆ ತಾಗಿಲ್ಲ ಅಷ್ಟೇಯ. ಸುಳ್ಳಾಡ್ದೋನೇ ಅಲ್ಲ” ಎಂದ.

“ಟೀ ಆರೋಯ್ತದೆ, ಕುಡಿ ಕಣ್ಲಾ” ಎಂದೆ.