ಗ್ರಾಫಿನ ಎಡಗಡೆಯ ಕಂಬಗಳು

ಮೊಳಕಾಲ್ಮೂರಿನ ಕಾಲೇಜೊಂದರಲ್ಲಿ ಕೆಲವು ವರ್ಷ ಪಾಠ ಮಾಡಿದ ಮೇಲೆ ನಾನು ಎಂ.ಟೆಕ್‌ಗೆ ಸೇರಿದೆ. ಚಳ್ಳಕೆರೆಯ ಹೊರಗೆ, ಕುರಿ ಮೇಯುವ ಕಾವಲಿನ ಪಕ್ಕದಲ್ಲಿದ್ದ ಕ್ಯಾಂಪಸ್ಸು. ಪ್ರಾಜೆಕ್ಟಿನಲ್ಲಿ ನನಗೆ ಜೊತೆಯಾದವನು ಚಳ್ಳಕೆರೆಯವನೇ. ಅವನ ತಂದೆ ಟ್ರ್ಯಾಕ್ಟರ್ ಮೆಕ್ಯಾನಿಕ್, ಮನೆಮಾತು ಉರ್ದು. ನನಗಿಂತ ತುಂಬಾ ಚಿಕ್ಕವನಾದ್ದರಿಂದ ಮೊದಲ ದಿನದಿಂದಲೇ ನನ್ನನ್ನು ಅಕ್ಕ ಎಂದು ಕರೆದ.

ಪ್ರೊಸೆಸರು ಎಷ್ಟೇ ವೇಗದ್ದಾಗಿರಲಿ, ಮೆಮೊರಿಯಿಂದ ಡೇಟಾ ಬರುವವರೆಗೆ ಸುಮ್ಮನೆ ಕಾಯಲೇಬೇಕು. ಮುಂದೆ ಏನು ಬೇಕಾಗಬಹುದೆಂದು ಊಹಿಸಿ, ಅದನ್ನು ಮೊದಲೇ ತರಿಸಿ ಹತ್ತಿರದ ಕ್ಯಾಷ್ ಎಂಬ ಪುಟ್ಟ ಮೆಮೊರಿಯಲ್ಲಿ ಇಟ್ಟುಕೊಳ್ಳುವ ವಿಧಾನ ನಮ್ಮದು. ಊಹೆ ಸರಿಹೋದರೆ ಕಾಯುವುದು ತಪ್ಪುತ್ತದೆ. ಕೆಟ್ಟರೆ ಬೇಡದ್ದು ಬಂದು ಕೂತು ಬೇಕಾದದ್ದು ಆಚೆ ಬೀಳುತ್ತದೆ, ಪ್ರೋಗ್ರಾಂ ಮೊದಲಿಗಿಂತಲೂ ನಿಧಾನವಾಗುತ್ತದೆ. ಆ ವಿಧಾನದ ಕೋಡ್ ಬರೆದವನು ಅವನು. ಸಿಮ್ಯುಲೇಟರಿನಲ್ಲಿ ಕೊನೆಯ ಸುತ್ತು ಓಡಿಸಿ ಗ್ರಾಫು ಮಾಡಿದವಳು ನಾನು. ವೇಗ ಎಷ್ಟು ಹೆಚ್ಚಿತೆಂದು ತೋರಿಸಲು ಪ್ರೋಗ್ರಾಂಗೊಂದು ಕಂಬ, ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದ್ದೆ. ಹಾಗಾಗಿ ನಿಧಾನವಾದವೆಲ್ಲ ಸೊನ್ನೆಯ ಗೆರೆಯ ಕೆಳಗಿಳಿದು ಎಡಗಡೆಗೆ ಬಂದಿದ್ದವು.

ಆ ಗ್ರಾಫು ನೋಡಿ ವರದಿಯ ಫಲಿತಾಂಶದ ಅಧ್ಯಾಯ ಬರೆಯಬೇಕಾದವನು ಅವನು. ಕಳಿಸಿದ ಕರಡು ಓದುತ್ತಾ ಹೋದಂತೆ ನನಗೆ ಕಸಿವಿಸಿಯಾಯಿತು. ಗೆದ್ದ ಪ್ರೋಗ್ರಾಂಗಳ ಬಗ್ಗೆ ಪುಟಗಟ್ಟಲೆ ಇತ್ತು, ಸೋತವುಗಳ ಸುದ್ದಿಯೇ ಇರಲಿಲ್ಲ. ಫೋನ್ ಮಾಡಿದೆ.

"ಎಲ್ಲಾ ಬರ್ದೀನಿ ಅಕ್ಕ. ಈ ಸಲ ಒಂದೂ ನಿಧಾನ ಆಗಿಲ್ಲ ನೋಡಿ" ಅಂದ. ದನಿಯಲ್ಲಿ ಖುಷಿಯಿತ್ತು.

ಒಂದು ಅಂಕಿಯ ಬಗ್ಗೆ ಅನುಮಾನ ಬಂದರೂ ಎಲ್ಲವನ್ನೂ ಮತ್ತೆ ಓಡಿಸುವವನು ಅವನು. ಮುಚ್ಚಿಡುವವರ ಪೈಕಿಯಲ್ಲ. ಆ ಖುಷಿಯ ದನಿ ದಿನವಿಡೀ ನನ್ನ ಕಿವಿಯಲ್ಲಿ ಉಳಿಯಿತು.

ಆ ಭಾನುವಾರ ಬೆಳಿಗ್ಗೆ ಚಳ್ಳಕೆರೆಗೆ ಹೋದೆ. ಬಸ್‌ ಸ್ಟ್ಯಾಂಡಿಗೆ ಬೈಕು ತಂದಿದ್ದ. ದಾರಿಯಲ್ಲಿ ಎಡಗಡೆಯಿಂದ ಕುರಿಗಳು ರಸ್ತೆಗೆ ಇಳಿಯುತ್ತಿದ್ದವು. ಅವನು ವೇಗ ತಗ್ಗಿಸಲೇ ಇಲ್ಲ. ನಾನು ಭುಜ ಹಿಡಿದು ಎಳೆದಾಗ ಬ್ರೇಕ್ ಹಾಕಿದ, ಬೈಕು ಒಂದು ಕುರಿಗೆ ತಾಗಿಕೊಂಡೇ ನಿಂತಿತು. ಕುರಿಯವನು ಬೈದ. ಇವನು ಬೆಪ್ಪಾಗಿ, ಎಲ್ಲಿಂದ ಬಂದವು ಇವು ಎಂದು ನನ್ನನ್ನೇ ಕೇಳಿದ.

ಮನೆಯಲ್ಲಿ ಅವನ ತಾಯಿ ಇಬ್ಬರಿಗೂ ಚಹಾ ತಂದಿಟ್ಟರು. ಅವನ ಲೋಟದ ಚಹಾ ಎಡಗೈ ಪಕ್ಕದಲ್ಲೇ ಆರಿಹೋಯಿತು.

"ಹಿಂಗೇ ಮಾಡ್ತಾನೆ ನೋಡ್ರಿ" ಅಂದರು ಆ ತಾಯಿ. "ತಟ್ಟೇಲಿ ಅರ್ಧ ಬಿಟ್ಟು ಎದ್ದೋಗ್ತಾನೆ. ಕೇಳಿದ್ರೆ ಎಲ್ಲಾ ಉಂಡೀನಿ ಅಂತಾನೆ. ಬೆಳಿಗ್ಗೆ ಎದ್ರೆ ತಲೆನೋವು."

ನಾನು ಲ್ಯಾಪ್‌ಟಾಪಿನಲ್ಲಿ ಗ್ರಾಫು ತೆರೆದು ಎಡಗಡೆಯ ಕಂಬಗಳ ಮೇಲೆ ಬೆರಳಿಟ್ಟೆ. ಅವನು ಬೆರಳನ್ನೇ ಹಿಂಬಾಲಿಸಿ ತಲೆ ತಿರುಗಿಸಿದ. ಮುಖ ಸಣ್ಣಗಾಯಿತು. ನಿದ್ದೆಗೆಟ್ಟು ಹೀಗಾಗಿದೆ, ಕನ್ನಡಕ ಬೇಕೇನೋ, ಪ್ರಾಜೆಕ್ಟಿನ ಪ್ರೆಸೆಂಟೇಷನ್‌ನಲ್ಲಿ ಇವನ್ನೂ ಹೇಳಿಬಿಟ್ಟು, ಮುಗಿದ ಮೇಲೆ ಕಣ್ಣು ತೋರಿಸುತ್ತೇನೆ ಎಂದ. ಅದಕ್ಕೆ ಉಳಿದಿದ್ದು ಕೆಲವೇ ದಿನ. ನಾನೂ ಹೂಂ ಅಂದೆ.

ಪ್ರೆಸೆಂಟೇಷನ್ ದಿನ ವಿಧಾನವನ್ನು ನಾನು ವಿವರಿಸಿ ಮುಂದಿನ ಸಾಲಿನಲ್ಲಿ ಕೂತೆ. ಫಲಿತಾಂಶ ಅವನದು. ಮಾತು ಸರಾಗವಾಗಿತ್ತು, ಮಾರ್ಗದರ್ಶಕಿ ಮೇಡಂ ತಲೆದೂಗುತ್ತಿದ್ದರು. ನನ್ನ ಕಣ್ಣು ಮಾತ್ರ ಲೇಸರಿನ ಕೆಂಪು ಚುಕ್ಕೆಯ ಮೇಲಿತ್ತು. ಅದು ಪರದೆಯ ಬಲಭಾಗದಲ್ಲೇ ಸುತ್ತುತ್ತಿತ್ತು. ನಡುವಿನವರೆಗೆ ಬಂದು, ಗೋಡೆಗೆ ತಾಗಿದಂತೆ ವಾಪಸು ಹೋಗುತ್ತಿತ್ತು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಗೆರೆಯ ಕೆಳಗಿರುವ ಕಂಬಗಳ ಬಗ್ಗೆ ಕೇಳಿದರು.

"ಯಾವ ಕಂಬ ಸರ್?"

ಹಿಂದೆ ಯಾರೋ ನಕ್ಕರು. ಕೆಟ್ಟ ಫಲಿತಾಂಶ ಮುಚ್ಚಿಡುವುದು ಸಂಶೋಧನೆಯಲ್ಲ ಎಂದು ಪರೀಕ್ಷಕರು ಖಾರವಾಗಿ ಹೇಳಿದರು. ಅವನು ಪರದೆಯನ್ನೇ ನೋಡುತ್ತಾ ನಿಂತ. ಅವನ ಎಡಗೈ ಮೈಕಿನ ಮೇಜಿನ ಅಂಚಿಗೆ ಬಡಿದು ಹಾಗೇ ಜೋತುಬಿದ್ದಿತ್ತು. ನಾನು ಎದ್ದು ನಿಂತೆ.

"ನಿನ್ನ ಎಡಗಡೆ ಮೇಜಿನ ಮೇಲೆ ನೀರಿನ ಬಾಟ್ಲಿ ಐತೆ. ಕಾಣ್ತೈತಾ?"

"ಯಾವ ಬಾಟ್ಲಿ ಅಕ್ಕ?"

ನಗು ನಿಂತಿತು. ಪರೀಕ್ಷಕರೇ ಮೊದಲು ಎದ್ದು ಬಂದು ಅವನಿಗೆ ಕುರ್ಚಿ ಕೊಟ್ಟರು.

ಮೇಡಂ ತಮ್ಮ ಕಾರಿನಲ್ಲೇ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರು. ಸ್ಕ್ಯಾನಿಂಗ್‌ನಲ್ಲಿ ಮಿದುಳಿನ ಬಲಭಾಗದಲ್ಲಿ ಗಡ್ಡೆ ಕಂಡಿತು. ಎಡಗಡೆಯದನ್ನು ನೋಡಿಕೊಳ್ಳುವುದು ಮಿದುಳಿನ ಬಲಭಾಗ, ಕಣ್ಣಿನಲ್ಲಿ ದೋಷವೇನೂ ಇಲ್ಲ, ತೋರಿಸಿಕೊಟ್ಟರೂ ಮರುಗಳಿಗೆಗೆ ಆ ಕಡೆಯದು ಗಮನದಿಂದ ಜಾರಿಹೋಗುತ್ತದೆ ಎಂದರು ವೈದ್ಯರು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಹೊರಗೆ ಕೂತಿದ್ದ ಅವನ ತಾಯಿ ಜಪಮಣಿ ಎಣಿಸುತ್ತಾ, ತಟ್ಟೆಯಲ್ಲಿ ಉಳಿದದ್ದನ್ನು ದಿನಾ ನಾನೇ ಎತ್ತಿ ಇಡ್ತಿದ್ದೆನಲ್ಲ ಎಂದು ಮತ್ತೆ ಮತ್ತೆ ಹೇಳಿದರು. ನಾನು ಅವರ ಕೈ ಹಿಡಿದುಕೊಂಡು ಕೂತೆ.

ಗಡ್ಡೆಯ ಹೆಚ್ಚಿನ ಭಾಗ ತೆಗೆದರು. ಪೂರ್ತಿ ತೆಗೆಯಲಾಗಲಿಲ್ಲ.

ವರದಿ ಒಪ್ಪಿಸಲು ವಿಭಾಗದವರು ಗಡುವು ಮುಂದೂಡಿದರು. ಉಳಿದದ್ದನ್ನು ನಾನೇ ಬರೆಯುತ್ತೇನೆ ಅಂದೆ. ಅವನು ಒಪ್ಪಲಿಲ್ಲ. ಸೋತ ಪ್ರೋಗ್ರಾಂಗಳ ಅಧ್ಯಾಯ ತನ್ನದೇ ಎಂದು ಹಟ ಹಿಡಿದ. ಪುಟದ ಎಡ ಅಂಚಿಗೆ ಕೆಂಪು ಗೀಟು ಎಳೆದು, ಗೀಟು ಕಾಣುವವರೆಗೆ ತಲೆ ತಿರುಗಿಸಿ ಓದಬೇಕೆಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಲ್ಯಾಪ್‌ಟಾಪಿನ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿಕೊಂಡು ಸಾಲು ಸಾಲಾಗಿ ಬರೆದ. ಒಂದು ಪ್ಯಾರಾ ಆಗುವಷ್ಟರಲ್ಲಿ ಬೆವತು ಒರಗಿಕೊಳ್ಳುತ್ತಿದ್ದ. ಅವು ಏಕೆ ಸೋತವು ಎಂಬುದನ್ನು ಕಂಡುಹಿಡಿದವನೂ ಅವನೇ. ಆ ಪ್ರೋಗ್ರಾಂಗಳು ಅರ್ಧದಲ್ಲಿ ದಾರಿ ಬದಲಿಸುತ್ತಿದ್ದವು, ನಮ್ಮ ವಿಧಾನ ಅದು ಗೊತ್ತಾಗದೆ ಹಳೆಯ ದಾರಿಯನ್ನೇ ಊಹಿಸುತ್ತಿತ್ತು. ವೈವಾದಲ್ಲಿ ಅದೇ ಪರೀಕ್ಷಕರು ವರದಿಯಲ್ಲಿ ಇದೇ ಗಟ್ಟಿ ಅಧ್ಯಾಯ ಎಂದರು. ಇಬ್ಬರೂ ಪಾಸಾದೆವು.

ವರದಿಯ ಕೊನೆಯಲ್ಲಿ 'ಮುಂದಿನ ಕೆಲಸ' ಎಂಬ ಭಾಗ ಕಡ್ಡಾಯವಾಗಿ ಇರಬೇಕು. ಅದನ್ನು ಮಾತ್ರ ಅವನು ಮುಟ್ಟಿರಲಿಲ್ಲ. ವರದಿ ಒಪ್ಪಿಸುವ ಹಿಂದಿನ ದಿನ ಮಧ್ಯಾಹ್ನ ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿ, "ಇದೊಂದು ನೀವೇ ಬರೀರಿ ಅಕ್ಕ" ಅಂದ.

ಬರೆದೆ. ಎರಡು ಪುಟವಾಯಿತು. ನಾನು ಓದಿದ್ದನ್ನು ಅವನು ಪಕ್ಕದಲ್ಲೇ ಕೂತು ಪರದೆ ನೋಡುತ್ತಾ ಕೇಳಿಸಿಕೊಂಡ, ಒಂದು ಅಲ್ಪವಿರಾಮವನ್ನು ತಿದ್ದಿಸಿದ. ಉಳಿದ ಗಡ್ಡೆ ಬೆಳೆದಿದೆಯೇ ಎಂದು ನೋಡಲು ಬರುವ ತಿಂಗಳು ಅವನಿಗೆ ಮತ್ತೆ ಸ್ಕ್ಯಾನಿಂಗ್ ಇದೆ.